ಲಿವರ್ ಕಲೆಗಟ್ಟುವುದು ಮತ್ತು ಎಪಿಜೆನೆಟಿಕ್ಸ್: ಲಿಸ್ಲ್‌ನಿಂದ ಗಲ್ಫ್‌ವರೆಗೆ ತಿಳಿದಿರಬೇಕಾದ ಸಂಗತಿ

ಚಿಕಾಗೋದಿಂದ ಪಶ್ಚಿಮಕ್ಕೆ, ಡುಪೇಜ್ ಕೌಂಟಿಯಲ್ಲಿ ಲಿಸ್ಲ್ ಎಂಬ ಸಣ್ಣ ಊರಿದೆ. ಬರೆಯುವುದು ಲಿಸ್ಲ್, ಅಲ್ಲಿಯವರು ಕರೆಯುವುದು ‘ಲೈಲ್’. ಒಂದು ಕಡೆ ನೇಪರ್‌ವಿಲ್, ಇನ್ನೂ ಮುಂದೆ ಹೋದರೆ ಅರೋರಾದ ಬಾಲಾಜಿ ದೇವಸ್ಥಾನ, ಮತ್ತೊಂದು ಕಡೆ ಲೆಮಾಂಟ್‌ನ ರಾಮ ದೇವಸ್ಥಾನ. ಈ ಭಾಗದಲ್ಲಿ ಭಾರತೀಯರು, ಅವರಲ್ಲಿ ಕನ್ನಡಿಗರೂ, ಬಹಳ ವರ್ಷಗಳಿಂದ ನೆಲೆಸಿದ್ದಾರೆ. ಅಪ್ಪ ಸೌದಿಯಲ್ಲೋ ಕುವೈತ್‌ನಲ್ಲೋ ದುಡಿದು ಓದಿಸಿದ ಮಗ ಇಂದು ಅಮೆರಿಕದಲ್ಲಿ ಐಟಿ ಕೆಲಸದಲ್ಲಿರುವುದು ನಮ್ಮ ಊರುಗಳಲ್ಲಿ ಹೊಸ ಸಂಗತಿಯೇನಲ್ಲ. ಅಪ್ಪನದು ಬಿಸಿಲು, ಸೈಟು, ರೂಮಿನ ಅಡುಗೆ. ಮಗನದು ಹಿಮ, ಕಾರು, ಕಂಪ್ಯೂಟರ್ ಮುಂದಿನ ಕುರ್ಚಿ. ಆದರೂ ಇಬ್ಬರ ಸ್ಕ್ಯಾನಿಂಗ್ ರಿಪೋರ್ಟಿನಲ್ಲೂ ಒಂದೇ ಸಾಲು ಕಾಣಿಸಿಕೊಳ್ಳುವುದುಂಟು: ಫ್ಯಾಟಿ ಲಿವರ್.

“ನಾನು ಒಂದು ತೊಟ್ಟೂ ಕುಡಿಯಲ್ಲ ಡಾಕ್ಟ್ರೇ, ಮತ್ತೆ ಇದೆಲ್ಲಿಂದ ಬಂತು?” ಎಂದು ಕೇಳುವವರೇ ಹೆಚ್ಚು. ಕೇಳದೆ ರಿಪೋರ್ಟನ್ನು ಸೂಟ್‌ಕೇಸಿನ ಅಡಿಗೆ ಹಾಕಿಬಿಡುವವರು ಅದಕ್ಕಿಂತ ಹೆಚ್ಚು. ಮನೆಯವರಿಗೆ ಗೊತ್ತಾದರೆ ‘ಅಲ್ಲಿ ಹೋಗಿ ಕುಡಿತ ಕಲಿತ’ ಅಂದುಕೊಳ್ಳುತ್ತಾರೆ ಎನ್ನುವ ಅಂಜಿಕೆ ಬೇರೆ. ಈ ಪ್ರಶ್ನೆಗೆ ವಿಜ್ಞಾನದಲ್ಲಿ ಈಗ ಸಾಕಷ್ಟು ಉತ್ತರವಿದೆ. ಅದರ ಒಂದು ಭಾಗದ ಹೆಸರು ಎಪಿಜೆನೆಟಿಕ್ಸ್.

ಕಲೆ ಬೀಳುವುದು ಹೇಗೆ

ಕೈಗೆ ಗಾಯವಾದರೆ ಕೆಲವು ದಿನಗಳಲ್ಲಿ ಕಲೆ ಕಟ್ಟಿ ಮಾಯುತ್ತದೆ. ಲಿವರ್‌ನೊಳಗೂ ಹಾಗೆಯೇ. ಕೊಬ್ಬು, ಮದ್ಯ, ಹೆಪಟೈಟಿಸ್ ಬಿ ಅಥವಾ ಸಿ ವೈರಸ್, ಕೆಲವು ಔಷಧಿಗಳು, ಯಾವುದರಿಂದ ಪೆಟ್ಟು ಬಿದ್ದರೂ ಲಿವರ್ ತನ್ನನ್ನು ತಾನೇ ರಿಪೇರಿ ಮಾಡಿಕೊಳ್ಳುತ್ತದೆ. ಒಮ್ಮೆ ಬಿದ್ದ ಪೆಟ್ಟು ಗುರುತೂ ಇಲ್ಲದಂತೆ ಮಾಯುತ್ತದೆ. ವರ್ಷಗಟ್ಟಲೆ ಅದೇ ಪೆಟ್ಟು ಬೀಳುತ್ತಲೇ ಇದ್ದರೆ ಮಾಯುವ ಕೆಲಸವೂ ನಿಲ್ಲುವುದಿಲ್ಲ, ನಾರಿನಂಥ ಕೊಲ್ಯಾಜನ್ ಪದರ ಪದರವಾಗಿ ಸೇರುತ್ತ ಹೋಗುತ್ತದೆ. ಇದೇ ಫೈಬ್ರೋಸಿಸ್. ಡಾಕ್ಟರುಗಳು ಇದನ್ನು ಎಫ್0ಯಿಂದ ಎಫ್4ರವರೆಗೆ ಐದು ಹಂತಗಳಲ್ಲಿ ಹೇಳುತ್ತಾರೆ. ಎಫ್4 ಅಂದರೆ ಸಿರೋಸಿಸ್.

ಈ ನಾರನ್ನು ನೇಯುವ ಕೋಶ ಯಾವುದು ಎಂಬುದು ಬಹುಕಾಲ ಸ್ಪಷ್ಟವಿರಲಿಲ್ಲ. 1876ರಲ್ಲಿ ಜರ್ಮನಿಯ ಕಾರ್ಲ್ ಫಾನ್ ಕುಪ್ಫರ್ ಲಿವರ್‌ನಲ್ಲಿ ನಕ್ಷತ್ರದ ಆಕಾರದ ಕೋಶಗಳನ್ನು ಕಂಡು ‘ನಕ್ಷತ್ರ ಕೋಶ’ ಎಂದೇ ಹೆಸರಿಟ್ಟ. ಇಂಗ್ಲಿಷಿನಲ್ಲಿ ಸ್ಟೆಲೇಟ್ ಸೆಲ್ ಅನ್ನುವುದು ಇದನ್ನೇ. ಮಾಮೂಲಿ ದಿನಗಳಲ್ಲಿ ಈ ಕೋಶ ಬಲು ಸಾಧು. ದೇಹದ ವಿಟಮಿನ್ ಎ ದಾಸ್ತಾನಿನ ಬಹುಪಾಲನ್ನು ಸಣ್ಣ ಸಣ್ಣ ಹನಿಗಳಾಗಿ ತನ್ನೊಳಗೆ ಇಟ್ಟುಕೊಂಡು ಸುಮ್ಮನೆ ಕೂತಿರುತ್ತದೆ. ಲಿವರ್‌ಗೆ ಪೆಟ್ಟು ಬಿದ್ದ ಸುದ್ದಿ ಮುಟ್ಟಿದ ಕೂಡಲೇ ಅದರ ಸ್ವಭಾವವೇ ಬದಲಾಗುತ್ತದೆ. ವಿಟಮಿನ್ ಎ ಬಿಟ್ಟುಕೊಡುತ್ತದೆ, ಸಂಖ್ಯೆಯಲ್ಲಿ ಹೆಚ್ಚುತ್ತದೆ, ಕೊಲ್ಯಾಜನ್ ಸುರಿಯತೊಡಗುತ್ತದೆ. ಉಗ್ರಾಣದವನು ಒಂದೇ ರಾತ್ರಿಯಲ್ಲಿ ಮೇಸ್ತ್ರಿಯಾದ ಹಾಗೆ.

ಸೋಜಿಗವೆಂದರೆ, ಹೀಗೆ ವೇಷ ಬದಲಿಸಿದ ಕೋಶದ ಡಿಎನ್‌ಎ ಮಾತ್ರ ಹಿಂದಿನದೇ. ಒಂದಕ್ಷರವೂ ಬದಲಾಗಿರುವುದಿಲ್ಲ. ಹಾಗಾದರೆ ಬದಲಾಗಿದ್ದು ಏನು?

ಒಂದೇ ವೈರಿಂಗ್, ಬೇರೆ ಬೇರೆ ಬ್ರೇಕರ್

ಎಲೆಕ್ಟ್ರಿಕಲ್ ಕೆಲಸ ಮಾಡುವವರಿಗೆ ಇದು ಸುಲಭವಾಗಿ ತಿಳಿಯುತ್ತದೆ. ಒಂದು ಕಟ್ಟಡದ ಎಲ್ಲ ಫ್ಲ್ಯಾಟ್‌ಗಳಿಗೂ ಒಂದೇ ನಮೂನೆಯ ವೈರಿಂಗ್ ಇರಬಹುದು. ಆದರೆ ಡಿಬಿ ಬೋರ್ಡಿನಲ್ಲಿ ಯಾವ ಬ್ರೇಕರ್ ಆನ್ ಇದೆ, ಯಾವುದು ಆಫ್ ಇದೆ ಎನ್ನುವುದರ ಮೇಲೆ ಒಂದು ಮನೆಯಲ್ಲಿ ಎಸಿ ಓಡುತ್ತದೆ, ಇನ್ನೊಂದರಲ್ಲಿ ಬರೀ ಫ್ಯಾನು. ಜೀನ್ ಎನ್ನುವುದು ವೈರಿಂಗ್. ಬ್ರೇಕರ್‌ಗಳ ಮೇಲೆ ಅಂಟಿಸಿದ ಟೇಪು, ಚೀಟಿ, ಬೀಗ, ಇವೇ ಎಪಿಜೆನೆಟಿಕ್ ಗುರುತುಗಳು. ‘ಎಪಿಜೆನೆಟಿಕ್ಸ್’ ಎಂಬ ಪದವನ್ನು 1942ರಲ್ಲಿ ಬಳಕೆಗೆ ತಂದವರು ಬ್ರಿಟನ್ನಿನ ಕಾನ್ರಾಡ್ ವ್ಯಾಡಿಂಗ್ಟನ್.

ಗುರುತುಗಳಲ್ಲಿ ಮುಖ್ಯವಾಗಿ ಮೂರು ಬಗೆ. ಮೊದಲನೆಯದು ಮಿಥೈಲೇಶನ್. ಡಿಎನ್‌ಎ ಮೇಲೆ ಮಿಥೈಲ್ ಎಂಬ ಪುಟ್ಟ ರಾಸಾಯನಿಕ ತುಂಡು ಅಂಟಿಕೊಂಡರೆ ಸಾಮಾನ್ಯವಾಗಿ ಆ ಜೀನ್ ಬಾಯಿ ಮುಚ್ಚುತ್ತದೆ. ಎರಡನೆಯದು ಹಿಸ್ಟೋನ್ ಬದಲಾವಣೆ. ದಾರವನ್ನು ರೀಲಿಗೆ ಸುತ್ತಿದಂತೆ ಡಿಎನ್‌ಎ ಹಿಸ್ಟೋನ್ ಎಂಬ ಪ್ರೋಟೀನಿಗೆ ಸುತ್ತಿಕೊಂಡಿರುತ್ತದೆ; ಬಿಗಿಯಾಗಿ ಸುತ್ತಿದ ಕಡೆ ಜೀನನ್ನು ಓದಲು ಆಗುವುದಿಲ್ಲ, ಸಡಿಲವಾದ ಕಡೆ ಓದಬಹುದು. ಮೂರನೆಯದು ಮೈಕ್ರೋ ಆರ್‌ಎನ್‌ಎ. ಇದರ ಶೋಧಕ್ಕಾಗಿಯೇ ವಿಕ್ಟರ್ ಆಂಬ್ರೋಸ್ ಮತ್ತು ಗ್ಯಾರಿ ರವ್ಕನ್ ಅವರಿಗೆ 2024ರ ವೈದ್ಯಕೀಯ ನೊಬೆಲ್ ಸಿಕ್ಕಿತು. ಆರೋಗ್ಯವಂತ ಲಿವರ್‌ನಲ್ಲಿ ‘ಮಿರ್-29’ ಎಂಬ ಮೈಕ್ರೋ ಆರ್‌ಎನ್‌ಎ ಕೊಲ್ಯಾಜನ್ ತಯಾರಿಕೆಗೆ ಕಡಿವಾಣ ಹಾಕಿರುತ್ತದೆ. ಕಲೆಗಟ್ಟುತ್ತಿರುವ ಲಿವರ್‌ನಲ್ಲಿ ಅದರ ಪ್ರಮಾಣ ಇಳಿದಿರುತ್ತದೆ, ಕಡಿವಾಣ ಕೈತಪ್ಪುತ್ತದೆ.

ನಕ್ಷತ್ರ ಕೋಶವನ್ನು ಸಾಧುವಾಗಿ ಇಟ್ಟಿರುವ ಜೀನ್‌ಗಳಲ್ಲಿ ‘ಪಿಪಾರ್ ಗಾಮಾ’ ಎಂಬುದು ದೊಡ್ಡದು. ಬ್ರಿಟನ್ನಿನ ನ್ಯೂಕ್ಯಾಸಲ್‌ನಲ್ಲಿ ಡೆರೆಕ್ ಮ್ಯಾನ್ ಅವರ ತಂಡ ತೋರಿಸಿಕೊಟ್ಟಿದ್ದು ಇದನ್ನೇ: ಕೋಶ ರೊಚ್ಚಿಗೆದ್ದಾಗ ಈ ಜೀನಿನ ಮೇಲೆ ಮುಚ್ಚುವ ಗುರುತುಗಳು ಬೀಳುತ್ತವೆ, ಸಾಧುತನದ ಬ್ರೇಕರ್ ಆಫ್ ಆಗಿ ಅದರ ಮೇಲೆ ಟೇಪು ಸುತ್ತಿಕೊಳ್ಳುತ್ತದೆ. ಫ್ಯಾಟಿ ಲಿವರ್ ಇರುವ ಮನುಷ್ಯರಲ್ಲೂ, ಕಲೆ ಕಡಿಮೆ ಇದ್ದವರಿಗೂ ಹೆಚ್ಚು ಇದ್ದವರಿಗೂ ಈ ಜೀನಿನ ಮಿಥೈಲೇಶನ್‌ನಲ್ಲಿ ವ್ಯತ್ಯಾಸ ಕಂಡಿದೆ. ರಕ್ತದಲ್ಲಿ ತೇಲುವ ಡಿಎನ್‌ಎ ತುಣುಕುಗಳಲ್ಲೂ ಆ ವ್ಯತ್ಯಾಸವನ್ನು ಗುರುತಿಸಬಹುದೆಂದು ಅದೇ ತಂಡ 2017ರಲ್ಲಿ ವರದಿ ಮಾಡಿತು. ಇದು ಇನ್ನೂ ಸಂಶೋಧನೆಯ ಮಾತು. ‘ಎಪಿಜೆನೆಟಿಕ್ ಲಿವರ್ ಪ್ಯಾಕೇಜ್’ ಎಂದು ಯಾರಾದರೂ ಮಾರಲು ಬಂದರೆ ದುಡ್ಡು ಉಳಿಸಿಕೊಳ್ಳುವುದೇ ವಾಸಿ.

ಅಂಟಿದ ಟೇಪು ಕೀಳಬಹುದೇ?

ಇಡೀ ವಿಷಯದಲ್ಲಿ ರೋಗಿಗೆ ಮುಖ್ಯವಾದ ಪ್ರಶ್ನೆ ಇದು. ಹಿಂದೆಲ್ಲ ‘ಲಿವರ್ ಗಟ್ಟಿಯಾದರೆ ಮುಗೀತು’ ಎಂಬ ಮಾತಿತ್ತು. ಈಗ ಹಾಗೆ ಹೇಳಲಾಗುವುದಿಲ್ಲ. ಹೆಪಟೈಟಿಸ್ ಬಿ ರೋಗಿಗಳಿಗೆ ಟೆನೋಫೋವಿರ್ ಮಾತ್ರೆ ಐದು ವರ್ಷ ಕೊಟ್ಟು, ಮೊದಲೂ ಕೊನೆಗೂ ಲಿವರ್‌ನ ಚೂರು ತೆಗೆದು ನೋಡಿದ ದೊಡ್ಡ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಆರಂಭದಲ್ಲಿ ಸಿರೋಸಿಸ್ ಇದ್ದ 96 ಜನರಲ್ಲಿ 71 ಜನರ ಲಿವರ್ ಐದನೇ ವರ್ಷಕ್ಕೆ ಸಿರೋಸಿಸ್ ಹಂತದಿಂದ ಹಿಂದೆ ಬಂದಿತ್ತು. ಪೆಟ್ಟು ನಿಂತರೆ ನಾರು ಕರಗುತ್ತದೆ ಎನ್ನುವುದಕ್ಕೆ ಇದಕ್ಕಿಂತ ಗಟ್ಟಿ ಪುರಾವೆ ಬೇಕಿಲ್ಲ.

ಆದರೆ ಇಲ್ಲೊಂದು ‘ಆದರೆ’ ಇದೆ. 2012ರಲ್ಲಿ ಇಲಿಗಳ ಮೇಲೆ ನಡೆದ ಎರಡು ಬೇರೆ ಬೇರೆ ಅಧ್ಯಯನಗಳು ಒಂದೇ ಸಂಗತಿ ಕಂಡವು. ಪೆಟ್ಟು ನಿಂತ ಮೇಲೆ ಕೆಲವು ನಕ್ಷತ್ರ ಕೋಶಗಳು ಸಾಯುತ್ತವೆ, ಉಳಿದವು ಮತ್ತೆ ಸಾಧುಗಳಾಗುತ್ತವೆ. ಹಾಗೆ ಸಾಧುವಾದದ್ದು ಪೂರ್ತಿ ಮೊದಲಿನಂತೆ ಆಗುವುದಿಲ್ಲ. ಎರಡನೇ ಸಲ ಪೆಟ್ಟು ಬಿದ್ದರೆ ಮೊದಲಿಗಿಂತ ಬೇಗ ರೊಚ್ಚಿಗೇಳುತ್ತದೆ. ಟೇಪು ಕಿತ್ತರೂ ಅಂಟು ಉಳಿದಂತೆ. ಹೆಪಟೈಟಿಸ್ ಸಿ ಪೂರ್ತಿ ಗುಣವಾದವರ ಲಿವರ್‌ನಲ್ಲೂ ವೈರಸ್ ಬಿಟ್ಟುಹೋದ ಕೆಲವು ಎಪಿಜೆನೆಟಿಕ್ ಗುರುತುಗಳು ಉಳಿದಿರುವುದನ್ನು, ಅವು ಲಿವರ್ ಕ್ಯಾನ್ಸರಿನ ಅಪಾಯಕ್ಕೆ ಹೊಂದಿಕೊಂಡಿರುವುದನ್ನು, ಫ್ರಾನ್ಸಿನ ಸ್ಟ್ರಾಸ್‌ಬೋರ್ಗ್‌ನ ತಂಡ 2019ರಲ್ಲಿ ತೋರಿಸಿತು. ಹಾಗಾಗಿಯೇ ಕಲೆ ಬಹಳ ಮುಂದುವರಿದಿದ್ದವರಿಗೆ ‘ವೈರಸ್ ಹೋಯಿತು’ ಎಂದ ಮೇಲೂ ಆರು ತಿಂಗಳಿಗೊಮ್ಮೆ ಸ್ಕ್ಯಾನಿಂಗ್ ಮಾಡಿಸಿ ಅನ್ನುತ್ತಾರೆ. ಡಾಕ್ಟರು ದುಡ್ಡಿಗಾಗಿ ಕರೆಯುತ್ತಾರೆ ಅಂತ ಅದನ್ನು ಬಿಟ್ಟುಬಿಡಬಾರದು.

ಚಿಕಾಗೋದ ‘ಮಸಾಲ’, ಮೈಸೂರಿನ ತೂಕದ ಪುಸ್ತಕ

ಮತ್ತೆ ಲಿಸ್ಲ್ ಕಡೆಗೆ ಬರೋಣ. ಚಿಕಾಗೋ ಮತ್ತು ಅದರ ಸುತ್ತಲಿನ ಉಪನಗರಗಳು, ಜೊತೆಗೆ ಸ್ಯಾನ್‌ಫ್ರಾನ್ಸಿಸ್ಕೋ ಪ್ರದೇಶ, ಈ ಎರಡು ಕಡೆಯ ದಕ್ಷಿಣ ಏಷ್ಯಾ ಮೂಲದವರನ್ನು ಸೇರಿಸಿಕೊಂಡು 2010ರಲ್ಲಿ ‘ಮಸಾಲ’ ಎಂಬ ಅಧ್ಯಯನ ಆರಂಭವಾಯಿತು. ಹೆಸರು ಅಡುಗೆಮನೆಯದಾದರೂ ವಿಷಯ ಹೃದಯದ್ದು. ಚಿಕಾಗೋದಲ್ಲಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದ ಡಾ. ನಮ್ರತಾ ಕಂಡೂಲ, ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡಾ. ಅಲ್ಕಾ ಕನಯಾ ಇದರ ಮುಂದಾಳುಗಳು. ಮೊದಲ ಸುತ್ತಿನಲ್ಲಿ 40ರಿಂದ 84 ವಯಸ್ಸಿನ 906 ಜನರನ್ನು ಪರೀಕ್ಷಿಸಿ, ಅಮೆರಿಕದ ಬೇರೆ ಸಮುದಾಯಗಳ ಜೊತೆ ಹೋಲಿಸಿದರು. ಸಿಟಿ ಸ್ಕ್ಯಾನಿನಲ್ಲಿ ನಮ್ಮವರ ಲಿವರ್‌ನಲ್ಲಿ ಕೊಬ್ಬು ಹೆಚ್ಚು, ಮೈಯಲ್ಲಿ ಮಾಂಸಖಂಡ ಕಡಿಮೆ ಎಂದು ಕಂಡಿತು. ನೋಡಲು ಸಣ್ಣಗಿದ್ದರೂ ಒಳಗೆ ಕೊಬ್ಬು. ಈ ಹೋಲಿಕೆ ಕೊಬ್ಬಿನದು ಮಾತ್ರ, ಕಲೆಯದಲ್ಲ. ಆದರೆ ಕಲೆಗೆ ಮೊದಲ ಮೆಟ್ಟಿಲು ಕೊಬ್ಬೇ.

ಕಾರಣವೇನು? ಒಂದಿಷ್ಟು ಹುಟ್ಟಿನಿಂದ ಬಂದ ಜೀನ್. 2008ರಲ್ಲಿ ಅಮೆರಿಕದ ಡಲ್ಲಾಸ್‌ನಲ್ಲಿ ಪತ್ತೆಯಾದ ‘ಪಿಎನ್‌ಪಿಎಲ್‌ಎ3’ ಎಂಬ ಜೀನಿನ ಒಂದು ರೂಪ ಇದ್ದವರಿಗೆ ಲಿವರ್‌ನಲ್ಲಿ ಕೊಬ್ಬೂ ಕಲೆಯೂ ಹೆಚ್ಚು. ಅದನ್ನು ಬದಲಿಸಲಾಗದು. ಆದರೆ ಉಡುಪಿಯಲ್ಲೇ ಉಳಿದ ಅಣ್ಣನಿಗೂ ಶಾರ್ಜಾಕ್ಕೆ ಹೋದ ತಮ್ಮನಿಗೂ ಇರುವುದು ಅದೇ ಅಪ್ಪ ಅಮ್ಮನ ಜೀನ್‌ಗಳು. ಊಟ, ನಿದ್ದೆ, ನಡಿಗೆ, ಇವು ಬದಲಾದವು. ಬ್ರೇಕರ್ ಬೋರ್ಡಿಗೆ ಕೈ ಹಾಕುವುದು ಇವೇ.

ಇದರಲ್ಲಿ ತಾಯಿಯ ಹೊಟ್ಟೆಯ ದಿನಗಳ ಪಾಲೂ ಇದೆ ಎನ್ನುವ ವಾದಕ್ಕೆ ಕರ್ನಾಟಕವೇ ಸಾಕ್ಷಿ ಒದಗಿಸಿದೆ. ಮೈಸೂರಿನ ಮಂಡಿ ಮೊಹಲ್ಲಾದ ಹೋಲ್ಡ್ಸ್‌ವರ್ತ್ ಆಸ್ಪತ್ರೆಯಲ್ಲಿ, ಊರಿನವರ ಬಾಯಲ್ಲಿ ಮಿಷನ್ ಆಸ್ಪತ್ರೆ, 1934ರಿಂದ ಹುಟ್ಟಿದ ಶಿಶುಗಳ ತೂಕವನ್ನು ಶ್ರದ್ಧೆಯಿಂದ ಬರೆದಿಟ್ಟಿದ್ದರು. ಆ ಪುಸ್ತಕಗಳನ್ನು ಹಿಡಿದು, ಆಗ ಹುಟ್ಟಿದವರನ್ನು ನಡುವಯಸ್ಸಿನಲ್ಲಿ ಹುಡುಕಿ ಪರೀಕ್ಷಿಸಿದಾಗ, ಸಣ್ಣಗೆ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚೆಂದು 1996ರಲ್ಲಿ ಗೊತ್ತಾಯಿತು. ಬಳಿಕ ಅದೇ ಆಸ್ಪತ್ರೆಯಲ್ಲಿ ಡಾ. ಜಿ.ವಿ. ಕೃಷ್ಣವೇಣಿ, ಡಾ. ಕ್ಯಾರೊಲಿನ್ ಫಾಲ್ ಮೊದಲಾದವರು ಗರ್ಭಿಣಿಯರನ್ನು ಪರೀಕ್ಷಿಸಿದರು. ಅವರಲ್ಲಿ ಶೇ. 43ರಷ್ಟು ಮಂದಿಗೆ ವಿಟಮಿನ್ ಬಿ12 ಕಡಿಮೆ ಇತ್ತು. ಮಿಥೈಲ್ ತುಂಡುಗಳನ್ನು ಒದಗಿಸುವ ದೇಹದ ಕಾರ್ಖಾನೆಗೆ ಬಿ12 ಮತ್ತು ಫೋಲೇಟ್ ಎರಡೂ ಬೇಕು. ಹಾಗೆಂದು ‘ಬಿ12 ಮಾತ್ರೆ ನುಂಗಿದರೆ ಲಿವರ್ ಸರಿ’ ಎಂದು ಹೇಳಲು ಬರುವುದಿಲ್ಲ; ಮೈಸೂರಿನ ಅಧ್ಯಯನ ಲಿವರ್ ಕಲೆಯನ್ನು ಕುರಿತದ್ದಲ್ಲ. ಆದರೂ ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಹಲವು ವರ್ಷಗಳಿಂದ ತೆಗೆದುಕೊಳ್ಳುತ್ತಿರುವವರು, ಮೀನು ಮೊಟ್ಟೆ ಮುಟ್ಟದವರು ಬಿ12 ಒಮ್ಮೆ ನೋಡಿಸಿಕೊಳ್ಳುವುದು ಒಳ್ಳೆಯದು. ಆ ಮಾತ್ರೆ ಬಿ12 ಅನ್ನು ತಗ್ಗಿಸುತ್ತದೆ.

ಅಪ್ಪನ ಲಿವರ್‌ನ ಗಾಯ ಮಗನಿಗೆ ತಲುಪುತ್ತದೆಯೇ? 2012ರಲ್ಲಿ ನ್ಯೂಕ್ಯಾಸಲ್ ತಂಡ ಇಲಿಗಳಲ್ಲಿ ಕಂಡದ್ದು ವಿಚಿತ್ರವಾಗಿತ್ತು. ಲಿವರ್‌ಗೆ ಪೆಟ್ಟು ತಿಂದ ಗಂಡು ಇಲಿಗಳ ಮಕ್ಕಳು ಮೊಮ್ಮಕ್ಕಳಿಗೆ ಅದೇ ಪೆಟ್ಟು ಕೊಟ್ಟಾಗ ಕಲೆ ಕಡಿಮೆ ಬಿತ್ತು. ಗುರುತು ವೀರ್ಯದ ಮೂಲಕ ದಾಟಿತ್ತು. ಇದನ್ನು ಓದಿ ‘ಅಜ್ಜ ಕುಡಿದದ್ದು ಮೊಮ್ಮಗನಿಗೆ ಲಸಿಕೆಯಾಯಿತು’ ಎಂದುಕೊಂಡರೆ ಕಷ್ಟ. ಇಲಿಯದು ಇಲಿಗೇ ಸರಿ, ಮನುಷ್ಯರಲ್ಲಿ ಹೀಗೆಂದು ಯಾರೂ ಸಾಬೀತು ಮಾಡಿಲ್ಲ.

ಕುಡಿಯುವವರ ವಿಷಯ ಚಿಕ್ಕದಾಗಿ ಹೇಳಿ ಮುಗಿಸಬಹುದು. ಮದ್ಯ ದೇಹದ ಮಿಥೈಲ್ ಕಾರ್ಖಾನೆಯನ್ನೇ ಕೆಡಿಸುತ್ತದೆ, ಹಿಸ್ಟೋನ್‌ಗಳ ಸುತ್ತನ್ನೂ ಕಲಕುತ್ತದೆ. ಫ್ಯಾಟಿ ಲಿವರ್ ಈಗಾಗಲೇ ಇದ್ದವರಿಗೆ ‘ವಾರಕ್ಕೊಂದು ದಿನ ಮಾತ್ರ’ ಎನ್ನುವ ಲೆಕ್ಕವೂ ಒಳ್ಳೆಯದಲ್ಲ.

ರಿಪೋರ್ಟ್ ಓದುವ ಬಗೆ

ಬಹಳ ಜನ ಗೊಂದಲ ಮಾಡಿಕೊಳ್ಳುವುದು ‘ಗ್ರೇಡ್’ ಮತ್ತು ‘ಸ್ಟೇಜ್’ ನಡುವೆ. ಅಲ್ಟ್ರಾಸೌಂಡ್‌ನ ಗ್ರೇಡ್ 1, 2, 3 ಹೇಳುವುದು ಕೊಬ್ಬು ಎಷ್ಟಿದೆ ಎಂದು. ಕಲೆ ಎಷ್ಟು ಬಿದ್ದಿದೆ ಎಂದು ಹೇಳುವುದು ಎಫ್ ಸ್ಟೇಜ್. ಗ್ರೇಡ್ 1 ಇದ್ದವರಲ್ಲೂ ಕಲೆ ಮುಂದುವರಿದಿರಬಹುದು, ಗ್ರೇಡ್ 3 ಇದ್ದವರಲ್ಲಿ ಇಲ್ಲದೆಯೂ ಇರಬಹುದು. ಎಸ್‌ಜಿಪಿಟಿ ನಾರ್ಮಲ್ ಬಂತು ಅಂತ ನಿಶ್ಚಿಂತೆಯಿಂದ ಇರುವ ಹಾಗೂ ಇಲ್ಲ. ನೋವಂತೂ ಇರುವುದೇ ಇಲ್ಲ. ಲಿವರ್ ಕೊನೆಯವರೆಗೂ ಬಾಯಿ ಬಿಡುವುದಿಲ್ಲ.

ಕೈಯಲ್ಲಿರುವ ರಿಪೋರ್ಟಿನಿಂದಲೇ ಒಂದು ಅಂದಾಜು ಸಿಗುತ್ತದೆ. ಇದಕ್ಕೆ ‘ಫಿಬ್-4’ ಎನ್ನುತ್ತಾರೆ. ವಯಸ್ಸನ್ನು ಎಸ್‌ಜಿಒಟಿಯಿಂದ (ಕೆಲವು ರಿಪೋರ್ಟಿನಲ್ಲಿ ಎಎಸ್‌ಟಿ) ಗುಣಿಸಬೇಕು. ಪ್ಲೇಟ್‌ಲೆಟ್ ಸಂಖ್ಯೆಯನ್ನು ಎಸ್‌ಜಿಪಿಟಿಯ (ಎಎಲ್‌ಟಿ) ವರ್ಗಮೂಲದಿಂದ ಗುಣಿಸಬೇಕು. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿದರೆ ಉತ್ತರ. ಪ್ಲೇಟ್‌ಲೆಟ್ ಊರಿನ ರಿಪೋರ್ಟಿನಲ್ಲಿ 1.8 ಲಕ್ಷ ಎಂದಿದ್ದರೆ ಲೆಕ್ಕಕ್ಕೆ 180 ಎಂದು ಹಿಡಿಯಬೇಕು. ಗಲ್ಫ್ ರಿಪೋರ್ಟುಗಳಲ್ಲಿ ಸಾಮಾನ್ಯವಾಗಿ 180 ಎಂದೇ ಇರುತ್ತದೆ. ಉದಾಹರಣೆಗೆ ವಯಸ್ಸು 48, ಎಸ್‌ಜಿಒಟಿ 60, ಎಸ್‌ಜಿಪಿಟಿ 64, ಪ್ಲೇಟ್‌ಲೆಟ್ 180. 48 ಗುಣಿಲೆ 60, ಅಂದರೆ 2880. 64ರ ವರ್ಗಮೂಲ 8. 180 ಗುಣಿಲೆ 8, ಅಂದರೆ 1440. ಭಾಗಿಸಿದರೆ 2. ಉತ್ತರ 1.3ಕ್ಕಿಂತ ಕಡಿಮೆ ಬಂದರೆ ಮುಂದುವರಿದ ಕಲೆಯ ಸಾಧ್ಯತೆ ಕಡಿಮೆ. 65 ದಾಟಿದವರಿಗೆ ಈ ಗೆರೆ 2. ಗೆರೆ ದಾಟಿದರೆ ಫೈಬ್ರೋಸ್ಕ್ಯಾನ್ ಮಾಡಿಸಬೇಕು, 2.67 ಮೀರಿದರೆ ಲಿವರ್ ತಜ್ಞರನ್ನೇ ಕಾಣಬೇಕು. 35ಕ್ಕಿಂತ ಚಿಕ್ಕವರಿಗೆ ಈ ಲೆಕ್ಕ ಅಷ್ಟು ನಂಬಲರ್ಹವಲ್ಲ. ಜ್ವರ ಬಂದು ಪ್ಲೇಟ್‌ಲೆಟ್ ಇಳಿದಿದ್ದಾಗ ಮಾಡಿಸಿದ ರಿಪೋರ್ಟನ್ನೂ ಇದಕ್ಕೆ ಬಳಸಬಾರದು.

ಫೈಬ್ರೋಸ್ಕ್ಯಾನ್‌ಗೆ ಸೂಜಿ ಇಲ್ಲ, ನೋವಿಲ್ಲ, ಪಕ್ಕೆಯ ಮೇಲೆ ಉಪಕರಣ ಇಟ್ಟು ತಟ್ಟಿದಂತೆ ಮಾಡಿ ಲಿವರ್ ಎಷ್ಟು ಗಟ್ಟಿ ಎಂದು ಅಳೆಯುತ್ತಾರೆ. ಉತ್ತರ 8 ಕಿಲೋಪ್ಯಾಸ್ಕಲ್‌ಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ಭಯವಿಲ್ಲ. ರಜೆಯಲ್ಲಿ ಊರಿಗೆ ಬಂದಾಗ ಮಾಡಿಸಿಕೊಳ್ಳಲು ಒಂದು ಬೆಳಗ್ಗೆ ಸಾಕು. ಬರೀ ಹೊಟ್ಟೆಯಲ್ಲಿ ಹೋಗಬೇಕು.

ಕೈಯಲ್ಲಿರುವ ಮದ್ದು

2015ರಲ್ಲಿ ಕ್ಯೂಬಾದಿಂದ ಬಂದ ಅಧ್ಯಯನವೊಂದರಲ್ಲಿ ಫ್ಯಾಟಿ ಲಿವರ್ ಉರಿಯೂತವಿದ್ದ 293 ಜನರನ್ನು ಒಂದು ವರ್ಷ ಊಟ, ವ್ಯಾಯಾಮದ ಮೇಲೆ ಇಟ್ಟು ಬಯಾಪ್ಸಿ ಮಾಡಿ ನೋಡಿದರು. ದೇಹದ ತೂಕದಲ್ಲಿ ಶೇ. 10 ಅಥವಾ ಹೆಚ್ಚು ಇಳಿಸಿದವರಲ್ಲಿ ಶೇ. 45ರಷ್ಟು ಮಂದಿಯ ಕಲೆಯೇ ಹಿಂದೆ ಸರಿದಿತ್ತು. 80 ಕೆಜಿ ಇರುವವರಿಗೆ ಅದು 8 ಕೆಜಿ. ಹೇಳಿದಷ್ಟು ಸುಲಭವಲ್ಲ ನಿಜ. ಹನ್ನೆರಡು ತಾಸಿನ ಡ್ಯೂಟಿ ಮುಗಿಸಿ, ಬಸ್ಸಿನಲ್ಲಿ ಒಂದು ತಾಸು ಕೂತು ರೂಮಿಗೆ ಬಂದವನಿಗೆ ‘ಜಿಮ್ಮಿಗೆ ಹೋಗು’ ಎಂದರೆ ಅದು ತಮಾಷೆಯಾದೀತು. ಅವನು ಕೈ ಹಾಕಬಹುದಾದ ಜಾಗ ಸಕ್ಕರೆ. 330 ಮಿಲಿಯ ಒಂದು ಕೋಲಾ ಕ್ಯಾನಿನಲ್ಲಿ ಸುಮಾರು 35 ಗ್ರಾಂ ಸಕ್ಕರೆ ಇರುತ್ತದೆ. ಸೈಟಿನಲ್ಲಿ ಎರಡು ಕ್ಯಾನು, ಮೂರು ಕರಕ್ ಚಾಯ್, ರಾತ್ರಿ ಪರೋಟ, ಇಷ್ಟರಲ್ಲೇ ಲಿವರ್‌ಗೆ ದಿನದ ಕೊಬ್ಬು ತಯಾರು. ಕ್ಯಾನಿನ ಬದಲು ನೀರು ಅಥವಾ ಸಕ್ಕರೆ ಹಾಕದ ಲಬನ್ ಹಿಡಿದರೆ ಖರ್ಚೂ ಹೆಚ್ಚುವುದಿಲ್ಲ. ಕಾಫಿ ಕುಡಿಯುವವರಲ್ಲಿ ಲಿವರ್ ಕಲೆ ಕಡಿಮೆ ಎಂದು ಹಲವು ದೇಶಗಳ ಅಧ್ಯಯನಗಳಲ್ಲಿ ಕಂಡಿದೆ. ಚಿಕ್ಕಮಗಳೂರಿನ ಪುಡಿಗೆ ಇದು ಒಳ್ಳೆಯ ಸುದ್ದಿಯೇ, ಎರಡು ಚಮಚ ಸಕ್ಕರೆ ಸುರಿಯದಿದ್ದರೆ.

ಔಷಧಿಗಳೂ ಬಂದಿವೆ. ಅಮೆರಿಕದ ಎಫ್‌ಡಿಎ 2024ರ ಮಾರ್ಚಿನಲ್ಲಿ ರೆಸ್ಮೆಟಿರೋಮ್‌ಗೆ, 2025ರ ಆಗಸ್ಟಿನಲ್ಲಿ ಸೆಮಾಗ್ಲುಟೈಡ್ ಚುಚ್ಚುಮದ್ದಿಗೆ ಒಪ್ಪಿಗೆ ಕೊಟ್ಟಿದೆ. ಎರಡೂ ಮಧ್ಯಮ ಮತ್ತು ಮುಂದುವರಿದ ಕಲೆಗೆ, ಸಿರೋಸಿಸ್ ಆಗುವ ಮುಂಚೆ. ಭಾರತದಲ್ಲಿ 2020ರಲ್ಲೇ ಸರೋಗ್ಲಿಟಜಾರ್‌ಗೆ ಅನುಮತಿ ಸಿಕ್ಕಿದೆ. ಮೇಲೆ ಹೇಳಿದ ಪಿಪಾರ್ ಗುಂಪಿನ ಮೇಲೆಯೇ ಅದರ ಕೆಲಸ. ಎಪಿಜೆನೆಟಿಕ್ ಗುರುತನ್ನೇ ಅಳಿಸುವ ಔಷಧಿಗಳು ಕೆಲವು ರಕ್ತದ ಕ್ಯಾನ್ಸರ್‌ಗಳಿಗೆ ಬಳಕೆಯಲ್ಲಿವೆ, ಲಿವರ್ ಕಲೆಗೆ ಇನ್ನೂ ಬಂದಿಲ್ಲ. ಅಂಥ ಔಷಧಿ ಬರೀ ಲಿವರ್‌ನ ಬೋರ್ಡಿಗೆ ಕೈ ಹಾಕಿ ನಿಲ್ಲುವುದಿಲ್ಲ, ಇಡೀ ಮೈಯ ಬೋರ್ಡಿಗೆ ಹಾಕುತ್ತದೆ, ಕಷ್ಟ ಅಲ್ಲೇ ಇದೆ. ಊರಿನಿಂದ ಕಳಿಸುವ ಕಷಾಯ, ಪುಡಿಗಳ ಬಗ್ಗೆಯೂ ಎಚ್ಚರ ಬೇಕು. ಕೋವಿಡ್ ಕಾಲದಲ್ಲಿ ಅಮೃತಬಳ್ಳಿ ಸೇವಿಸಿ ಲಿವರ್‌ಗೆ ಪೆಟ್ಟಾದ ಪ್ರಕರಣಗಳನ್ನು ಮುಂಬಯಿಯ ವೈದ್ಯರು 2021ರಲ್ಲಿ ದಾಖಲಿಸಿದ್ದಾರೆ.

ಕೊನೆಗೆ ಹೆಪಟೈಟಿಸ್ ಬಿ. ಗಲ್ಫ್ ವೀಸಾದ ಮೆಡಿಕಲ್‌ನಲ್ಲಿ ಇದು ಪಾಸಿಟಿವ್ ಬಂದು ‘ಅನ್‌ಫಿಟ್’ ಆದವರು ಕೆಲಸ ಹೋಯಿತೆಂಬ ದುಃಖದಲ್ಲಿ ಚಿಕಿತ್ಸೆಯನ್ನೇ ಮರೆಯುವುದುಂಟು. ಈ ವೈರಸ್ ತನ್ನ ಡಿಎನ್‌ಎಯನ್ನು ನಮ್ಮದೇ ಹಿಸ್ಟೋನ್‌ಗಳಿಗೆ ಸುತ್ತಿಕೊಂಡು ಕೋಶದ ನಡುವೆ ಅಡಗಿ ಕೂರುತ್ತದೆ. ಮಾತ್ರೆ ಅದನ್ನು ಅದುಮಿ ಇಡುತ್ತದೆ, ಕಿತ್ತು ಹಾಕುವುದಿಲ್ಲ. ಆದ್ದರಿಂದ ‘ಈಗ ಚೆನ್ನಾಗಿದ್ದೇನೆ’ ಎಂದು ಸ್ವಂತಕ್ಕೆ ಮಾತ್ರೆ ನಿಲ್ಲಿಸಿದರೆ ವೈರಸ್ ಒಮ್ಮೆಲೇ ಎದ್ದು ಜೀವಕ್ಕೇ ಬರಬಹುದು. 2018ರಲ್ಲಿ ಆರಂಭವಾದ ರಾಷ್ಟ್ರೀಯ ವೈರಲ್ ಹೆಪಟೈಟಿಸ್ ನಿಯಂತ್ರಣ ಕಾರ್ಯಕ್ರಮದಡಿ ಪರೀಕ್ಷೆ, ಔಷಧಿ ಎರಡೂ ಸರ್ಕಾರಿ ಚಿಕಿತ್ಸಾ ಕೇಂದ್ರಗಳಲ್ಲಿ ಉಚಿತ. ಒಬ್ಬರಿಗೆ ಪಾಸಿಟಿವ್ ಬಂದರೆ ಹೆಂಡತಿ, ಮಕ್ಕಳು, ಅಣ್ಣತಮ್ಮಂದಿರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಸೋಂಕಿಲ್ಲದ ದೊಡ್ಡವರಿಗೆ ಮೂರು ಲಸಿಕೆ, ಮೊದಲನೆಯದಾಗಿ ಒಂದು ತಿಂಗಳಿಗೆ ಎರಡನೆಯದು, ಆರು ತಿಂಗಳಿಗೆ ಮೂರನೆಯದು. ಮನೆಯಲ್ಲಿ ಗರ್ಭಿಣಿ ಇದ್ದರೆ ಈ ವಿಷಯ ಡಾಕ್ಟರಿಗೆ ಮೊದಲೇ ಹೇಳಿಡಬೇಕು, ಮಗುವಿಗೆ ಹುಟ್ಟಿದ 24 ತಾಸಿನೊಳಗೆ ಮೊದಲ ಲಸಿಕೆ ಬೀಳಬೇಕು.